ಮಾಲು ವಾಪಸ್ ಬಂದರೆ ಯಾರ ತಲೆಗೆ?

ಎಂ.ಕಾಂ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ವಿಷಯದ ಹೆಸರೇ ಉದ್ದ: ‘ಅಭಿವೃದ್ಧಿಶೀಲ ದೇಶಗಳಲ್ಲಿ ಇ–ಬಿಸಿನೆಸ್ ಅಳವಡಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು’. ಗೈಡ್ ಒಪ್ಪಿದರು, ಪ್ರಶ್ನಾವಳಿ ಸಿದ್ಧವಾಯಿತು. ಇಂಟರ್‌ನೆಟ್ ಇದೆಯೇ, ಕಂಪ್ಯೂಟರ್ ಬಳಸಲು ಬರುತ್ತದೆಯೇ, ಸರ್ಕಾರದ ನೆರವು ಸಿಕ್ಕಿದೆಯೇ, ಆನ್‌ಲೈನ್ ವ್ಯವಹಾರದ ಮೇಲೆ ನಂಬಿಕೆ ಇದೆಯೇ... ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಚೌಕಗಳು. ಒಂದಕ್ಕೆ ಟಿಕ್ ಹಾಕಬೇಕು, ಅಷ್ಟೇ.

ಮಾಹಿತಿ ಸಂಗ್ರಹಕ್ಕೆ ದೂರ ಹೋಗಲಿಲ್ಲ. ನಮ್ಮೂರು ಇಳಕಲ್. ಸೀರೆ ಅಂಗಡಿಗಳಿಗೆ ಬರವಿಲ್ಲದ ಊರು. ನಮ್ಮ ಕಾಕಾನದೂ ಒಂದು ಚಿಕ್ಕ ಅಂಗಡಿ ಇದೆ. ಅಂಗಡಿಯಿಂದ ಅಂಗಡಿಗೆ ಹಾಳೆ ಹಿಡಿದು ತಿರುಗಿದೆ. ಬಹಳಷ್ಟು ಜನ ಚಹಾ ತರಿಸಿದರು, ಹಾಳೆಯನ್ನು ಪಕ್ಕಕ್ಕಿಟ್ಟರು, ಆಮೇಲೆ ನನಗೇ ಒಂದು ಪ್ರಶ್ನೆ ಕೇಳಿದರು. ‘ಅದೆಲ್ಲಾ ಇರ್ಲಿ ತಂಗಿ. ಮಾಲು ವಾಪಸ್ ಬಂದ್ರ ಯಾರ ತಲಿಗಿ?’

ಐದು ಚೌಕಗಳಲ್ಲಿ ಹಿಡಿಯುವ ಪ್ರಶ್ನೆ ಅದಲ್ಲ. ಆದರೆ ನಾಲ್ಕು ತಿಂಗಳು ಪುಸ್ತಕ, ಅಂಗಡಿ ಎರಡನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಮ್ಮಂಥ ದೇಶಗಳಲ್ಲಿ ಒಂದು ವ್ಯಾಪಾರ ಆನ್‌ಲೈನ್‌ಗೆ ಹೋಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಪ್ರಶ್ನೆಯೇ. ವ್ಯವಹಾರ ಕೆಟ್ಟರೆ ನಷ್ಟ ಹೊರುವವರು ಯಾರು? ಉತ್ತರ ಸಮಾಧಾನಕರವಾಗಿದ್ದ ಕಡೆ ತಂತ್ರಜ್ಞಾನ ಬೆಂಕಿಯಂತೆ ಹಬ್ಬಿದೆ. ಇಲ್ಲದ ಕಡೆ ಎಷ್ಟೇ ಶಿಬಿರ, ಭಾಷಣ ಮಾಡಿದರೂ ಮುಂದೆ ಹೋಗಿಲ್ಲ.

ಒಂದೇ ಅಂಗಡಿ, ಎರಡು ಉತ್ತರ

ಕಾಕಾನ ಗಲ್ಲಾಪೆಟ್ಟಿಗೆಯ ಪಕ್ಕ ಕ್ಯೂಆರ್ ಕೋಡ್ ಇದೆ. ಹಣ ಬಂದ ಕೂಡಲೇ ಎಷ್ಟು ಬಂತು ಎಂದು ಕೂಗಿ ಹೇಳುವ ಸೌಂಡ್ ಬಾಕ್ಸ್ ಇದೆ. ಅದೇ ಅಂಗಡಿ ಯಾವ ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲೂ ಇಲ್ಲ. ಅದೇ ಮನುಷ್ಯ, ಅದೇ ಫೋನ್, ಅದೇ ನೆಟ್‌ವರ್ಕ್. ಅಂದರೆ ‘ಸಣ್ಣ ಊರಿನ ವ್ಯಾಪಾರಿಗಳಿಗೆ ತಂತ್ರಜ್ಞಾನ ಗೊತ್ತಿಲ್ಲ, ಅದಕ್ಕೇ ಹಿಂದುಳಿದಿದ್ದಾರೆ’ ಎಂಬ ಮಾತು ಅಲ್ಲೇ ಬಿದ್ದುಹೋಯಿತು. ಒಂದನ್ನು ಒಪ್ಪಿಕೊಂಡು ಇನ್ನೊಂದನ್ನು ದೂರ ಇಟ್ಟಿದ್ದಾರೆ ಎಂದರೆ ಅದರ ಹಿಂದೆ ಲೆಕ್ಕಾಚಾರ ಇರಲೇಬೇಕು.

ಕ್ಯೂಆರ್ ಕೋಡ್ ಒಪ್ಪಿಕೊಂಡಿದ್ದು ಏಕೆ ಎಂಬುದು ಸುಲಭ. ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಹುಟ್ಟಿದ್ದು 2008ರಲ್ಲಿ. ಅದು ಯುಪಿಐ ವ್ಯವಸ್ಥೆಯನ್ನು ತಂದದ್ದು 2016ರಲ್ಲಿ. ಅಷ್ಟರಲ್ಲಿ ನೆಲ ಹದವಾಗಿತ್ತು. 2014ರಲ್ಲಿ ಶುರುವಾದ ಜನಧನ ಯೋಜನೆಯಿಂದ ಖಾತೆ ಇಲ್ಲದವರಿಗೂ ಖಾತೆ ಬಂದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ದರ ಇಳಿಯಿತು. ಅದೇ ನವೆಂಬರ್‌ನಲ್ಲಿ ನೋಟು ರದ್ದಾಯಿತು. 2020ರ ಜನವರಿಯಿಂದ ಯುಪಿಐ ಮೂಲಕ ಹಣ ಪಡೆಯುವ ವ್ಯಾಪಾರಿಗೆ ಎಂಡಿಆರ್ ಶುಲ್ಕವೂ ಇಲ್ಲವಾಯಿತು. 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 1,000 ಕೋಟಿ ದಾಟಿತು.

ಈಗ ಅಂಗಡಿಯವರ ಕಡೆಯಿಂದ ನೋಡಿ. ಕಾರ್ಡ್ ಉಜ್ಜುವ ಯಂತ್ರ ಕೊಳ್ಳಬೇಕಿಲ್ಲ. ಒಂದು ಕಾಗದ ಅಂಟಿಸಿದರೆ ಸಾಕು. ಗಿರಾಕಿ ಎದುರಿಗೇ ನಿಂತಿದ್ದಾನೆ. ಹಣ ಬಂದದ್ದನ್ನು ಕಿವಿಯಿಂದ ಕೇಳಿದ ಮೇಲೆ ಸೀರೆ ಕೈಗೆ ಕೊಟ್ಟರಾಯಿತು. ಓದು ಬರಹ ಬಾರದವರಿಗೂ ಸೌಂಡ್ ಬಾಕ್ಸ್ ಅರ್ಥವಾಗುತ್ತದೆ. ವ್ಯವಹಾರ ಕೆಡುವ ಸಾಧ್ಯತೆ ಕಡಿಮೆ, ಕೆಟ್ಟರೂ ಸೀರೆ ಇನ್ನೂ ಅಂಗಡಿಯಲ್ಲೇ ಇರುತ್ತದೆ. ಇಂಥದ್ದನ್ನು ಯಾರು ಬೇಡ ಅನ್ನುತ್ತಾರೆ?

ಒಂದು ಸೀರೆಯ ಲೆಕ್ಕ

ಆನ್‌ಲೈನ್‌ನಲ್ಲಿ ಮಾರುವುದು ಬೇರೆಯದೇ ಕತೆ. ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಸೇರುವ ಬಗ್ಗೆ ಕಾಕಾ ಕೇಳಿದಾಗ ನಾನೇ ಕೂತು ಅವರ ನಿಯಮಗಳನ್ನು ಓದಿದೆ. ಕರಾರು ಪತ್ರ ಇಂಗ್ಲಿಷ್‌ನಲ್ಲಿತ್ತು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲೇ ಗ್ರಾಹಕರಿಗೆ ಕನ್ನಡದಲ್ಲಿ ಕೊಳ್ಳುವ ಅವಕಾಶ ಕೊಟ್ಟವು, ಸಂತೋಷ. ಆದರೆ ಕೊಳ್ಳುವವರಿಗೆ ಕನ್ನಡ ಬಂದಷ್ಟು ಬೇಗ ಮಾರುವವರ ಕರಾರಿಗೆ ಕನ್ನಡ ಬರುವುದಿಲ್ಲ. ಕಾಕಾ ಏಳನೇ ಇಯತ್ತೆ ಓದಿದವರು. ಕನ್ನಡದ ಜತೆ ಮರಾಠಿಯಲ್ಲೂ ವ್ಯಾಪಾರ ಮಾಡುತ್ತಾರೆ. ಆದರೆ ಇಪ್ಪತ್ತು ಪುಟದ ಇಂಗ್ಲಿಷ್ ಕರಾರಿಗೆ ‘ಒಪ್ಪಿದ್ದೇನೆ’ ಎಂದು ಒತ್ತುವುದಕ್ಕೆ ಅವರ ಕೈ ಬರಲಿಲ್ಲ.

ಓದುತ್ತಾ ಹೋದಾಗ ‘ಆರ್‌ಟಿಒ’ ಎಂಬ ಪದ ಬಂತು. ‘ಅದು ಗಾಡಿ ಲೈಸೆನ್ಸ್ ಕೊಡೋ ಆಫೀಸ್ ಅಲ್ಲೇನು?’ ಎಂದರು ಕಾಕಾ. ಆನ್‌ಲೈನ್ ವ್ಯಾಪಾರದಲ್ಲಿ ಅದರ ಅರ್ಥ ‘ರಿಟರ್ನ್ ಟು ಒರಿಜಿನ್’. ಪಾರ್ಸೆಲ್ ಹೋಯಿತು, ಗಿರಾಕಿ ಬಾಗಿಲಲ್ಲೇ ಬೇಡ ಎಂದರು ಅಥವಾ ಮನೆಯಲ್ಲಿ ಸಿಗಲಿಲ್ಲ, ಮಾಲು ಹೊರಟ ಜಾಗಕ್ಕೇ ಮರಳಿತು. ಇನ್ನೊಂದು ಬಗೆಯ ವಾಪಸಾತಿಯೂ ಇದೆ. ಗಿರಾಕಿ ತೆಗೆದುಕೊಂಡು, ಬಿಚ್ಚಿ ನೋಡಿ, ಇಷ್ಟವಾಗಲಿಲ್ಲ ಎಂದು ಹಿಂದಿರುಗಿಸುವುದು.

ಉದಾಹರಣೆಗೆ ಹೀಗೆ ಲೆಕ್ಕ ಹಾಕಿದೆವು. ಒಂದು ಸೀರೆ 1,500 ರೂಪಾಯಿಗೆ ಮಾರಿದರೆ ಕಮಿಷನ್, ಪ್ಯಾಕಿಂಗ್ ಎಲ್ಲ ಕಳೆದು 150 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ವಾಪಸ್ ಬಂದ ಒಂದು ಸೀರೆಯ ಸಾಗಣೆ ಖರ್ಚು ಮಾರುವವರ ಲೆಕ್ಕಕ್ಕೆ ಬಿದ್ದು ಅದೂ 150 ರೂಪಾಯಿ ಆದರೆ, ಒಂದು ಸೀರೆಯ ಲಾಭವನ್ನು ಇನ್ನೊಂದು ಸೀರೆ ತಿಂದುಹಾಕಿತು. ಸೀರೆ ಮಡಿಕೆ ಕೆಟ್ಟು ಬಂದರೆ, ಸೆಂಟಿನ ವಾಸನೆ ಹಿಡಿದು ಬಂದರೆ ಅದನ್ನು ಹೊಸದೆಂದು ಮಾರುವ ಹಾಗೂ ಇಲ್ಲ. ದೊಡ್ಡ ಕಂಪನಿಗೆ ನೂರರಲ್ಲಿ ಹತ್ತು ವಾಪಸ್ ಬಂದರೂ ಅದು ಸರಾಸರಿಯ ಒಂದು ಅಂಕಿ. ಕಾಕಾನಿಗೆ ವಾರಕ್ಕೆ ಹತ್ತು ಸೀರೆ ಹೋಗಿ ನಾಲ್ಕು ವಾಪಸ್ ಬಂದರೆ ಆ ವಾರದ ಮನೆ ಖರ್ಚು.

ಇಳಕಲ್ ಸೀರೆಗೆ ಅದರದ್ದೇ ಆದ ತೊಡಕೂ ಇದೆ. ಒಡಲಿನ ಎಳೆ ಮತ್ತು ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುವುದು ನಮ್ಮ ಸೀರೆಯ ವಿಶೇಷ. ಟೋಪ್ ತೆನಿ ಸೆರಗು, ಗೋಮಿ ದಡಿ, ಪರಾಸ ದಡಿ ಎಂದು ಹೆಸರು ಹೇಳಿದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕಣ್ಣಮುಂದೆ ಸೀರೆ ಬರುತ್ತದೆ. ಆದರೆ ಕೈಮಗ್ಗದ ಎರಡು ಸೀರೆಗಳು ಪೂರ್ತಿ ಒಂದೇ ಥರ ಇರುವುದಿಲ್ಲ. ಬಣ್ಣ ಅದ್ದುವಾಗ ಒಂದೊಂದು ಸಲಕ್ಕೆ ಒಂದು ನೂಲು ಗಾಢವಾಗುತ್ತದೆ. ಆನ್‌ಲೈನ್ ಮಾರುಕಟ್ಟೆ ಬಯಸುವುದು ಒಂದು ಫೋಟೊ, ಅದರಂತೆಯೇ ಇರುವ ನೂರು ಪೀಸ್. ಫೋಟೊದಲ್ಲಿ ದಾಳಿಂಬೆ ಬಣ್ಣ, ಕೈಗೆ ಬಂದಾಗ ಸ್ವಲ್ಪ ಕಪ್ಪು ಎಂದು ದೂರು ಬಂದರೆ ನೇಕಾರ ಏನು ಉತ್ತರ ಹೇಳಬೇಕು? ‘ಬಣ್ಣದಲ್ಲಿ ವ್ಯತ್ಯಾಸ’ ಎಂಬ ಕಾರಣಕ್ಕೆ ಅದು ದೋಷ, ‘ಕೈಮಗ್ಗ’ ಎಂಬ ಕಾರಣಕ್ಕೆ ಅದೇ ಗುಣ.

ಕ್ಯಾಶ್ ಆನ್ ಡೆಲಿವರಿ ಎಂಬ ಉಪಾಯ

ಈ ನಷ್ಟದ ಪ್ರಶ್ನೆ ಹೊಸದಲ್ಲ. ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ಶುರುವಾದದ್ದು 1999ರಲ್ಲಿ. ಆಗ ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿಯಲ್ಲಿ ಕಿರ್ರೆನ್ನುವ ಡಯಲ್–ಅಪ್, ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ. ಮುಂದೆ ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ನಡೆದ ಅದು 2013ರಲ್ಲಿ ಮುಚ್ಚಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೂ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟಿತು. 2002ರಲ್ಲಿ ಐಆರ್‌ಸಿಟಿಸಿ ರೈಲು ಟಿಕೆಟ್ ಅನ್ನು ಆನ್‌ಲೈನ್‌ಗೆ ತಂದಿತು. ಗಮನಿಸಿ, ಜನ ಹೆಚ್ಚು ಹೆದರದೆ ಆನ್‌ಲೈನ್‌ನಲ್ಲಿ ಕೊಂಡ ಮೊದಲ ವಸ್ತುಗಳಲ್ಲಿ ರೈಲು ಟಿಕೆಟ್ ಒಂದು. ಅದಕ್ಕೆ ಬಣ್ಣ, ಅಳತೆ, ಬಟ್ಟೆಯ ಗುಣ ಯಾವುದೂ ಇಲ್ಲ. ಕೊಡುವುದು ರೈಲ್ವೆ. ಮೋಸದ ಭಯ ಕಡಿಮೆ.

2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಫ್ಲಿಪ್‌ಕಾರ್ಟ್ ಶುರುಮಾಡಿದಾಗ ಮಾರಿದ್ದು ಪುಸ್ತಕ. ಅದೂ ಅಂಥದ್ದೇ ವಸ್ತು. ಬೆಂಗಳೂರಿನಲ್ಲಿ ಕೊಂಡರೂ ಬೀದರ್‌ನಲ್ಲಿ ಕೊಂಡರೂ ಒಂದು ಪುಸ್ತಕದ ಒಳಗಿನ ಪುಟಗಳು ಒಂದೇ. ಆದರೆ ವ್ಯಾಪಾರ ಪುಸ್ತಕ ದಾಟಿ ಹಬ್ಬಲು ನೆರವಾದದ್ದು 2010ರಲ್ಲಿ ಅದು ತಂದ ಕ್ಯಾಶ್ ಆನ್ ಡೆಲಿವರಿ. ಮಾಲು ಬಾಗಿಲಿಗೆ ಬಂದ ಮೇಲೆ ಹಣ ಕೊಡಿ. ಕಾರ್ಡ್ ಇಲ್ಲದವರಿಗೂ, ಇದ್ದರೂ ನಂಬಿಕೆ ಇಲ್ಲದವರಿಗೂ ದಾರಿ ತೆರೆಯಿತು.

ಇಲ್ಲಿ ನಿಜವಾಗಿ ಆದದ್ದು ಏನು? ಕೊಳ್ಳುವವರ ತಲೆಯ ಮೇಲಿದ್ದ ಅಪಾಯ ಮಾರುವವರ ತಲೆಗೆ ಹೋಯಿತು. ಹೂಡಿಕೆದಾರರ ಹಣ ಇರುವ ಕಂಪನಿ ಅದನ್ನು ಹೊರಬಲ್ಲದು. ಆದರೆ ಅದೇ ವ್ಯವಸ್ಥೆಯೊಳಗೆ ಒಬ್ಬ ಚಿಕ್ಕ ಅಂಗಡಿಯವ ಮಾರಾಟಗಾರನಾಗಿ ಸೇರಿದಾಗ ಆ ಭಾರದಲ್ಲಿ ಒಂದು ಪಾಲು ಅವನ ಹೆಗಲಿಗೂ ಬರುತ್ತದೆ. ಗ್ರಾಹಕರಿಗೆ ವರವಾದದ್ದು ಕಾಕಾನಂಥವರಿಗೆ ಬಾಗಿಲಾಯಿತು, ಜತೆಗೆ ಆ ಬಾಗಿಲಿನ ಅಗುಳಿಯೂ ಆಯಿತು.

ಚೀನಾ ಮತ್ತು ಕೆನ್ಯಾದ ಪಾಠ

ಬೇರೆ ದೇಶಗಳ ಕತೆಯಲ್ಲೂ ಇದೇ ಎಳೆ ಕಾಣುತ್ತದೆ. ಅಮೆರಿಕದ ಇಬೇ ಕಂಪನಿ 2003ರಲ್ಲಿ ಚೀನಾದ ಈಚ್‌ನೆಟ್ ಎಂಬ ಕಂಪನಿಯನ್ನು ಕೊಂಡು ಅಲ್ಲಿನ ಮಾರುಕಟ್ಟೆಗೆ ಇಳಿಯಿತು. ಹಣ, ಹೆಸರು, ತಂತ್ರಜ್ಞಾನ ಎಲ್ಲ ಇತ್ತು. ಅದೇ ವರ್ಷ ಅಲಿಬಾಬಾ ತಾವೊಬಾವೊ ಶುರುಮಾಡಿತು. ಮಾರುವವರಿಗೆ ಸರಕು ಪಟ್ಟಿ ಮಾಡಲು ಶುಲ್ಕವಿಲ್ಲ. ಕೊಳ್ಳುವವರು ಮಾರುವವರ ಜತೆ ನೇರ ಚಾಟ್ ಮಾಡಿ ಚೌಕಾಸಿ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ 2004ರಲ್ಲಿ ಬಂದ ಅಲಿಪೇ. ಕೊಳ್ಳುವವರು ಕೊಟ್ಟ ಹಣ ಮಾರುವವರಿಗೆ ತಕ್ಷಣ ಹೋಗುವುದಿಲ್ಲ, ನಡುವೆ ನಿಲ್ಲುತ್ತದೆ. ಮಾಲು ಸರಿಯಾಗಿ ಬಂತು ಎಂದ ಮೇಲೆ ಬಿಡುಗಡೆಯಾಗುತ್ತದೆ. ಕೊಳ್ಳುವವರಿಗೆ ಹಣ ಮುಳುಗುವ ಭಯವಿಲ್ಲ, ಮಾರುವವರಿಗೆ ಹಣ ಬಂದು ಕೂತಿದೆ ಎಂಬ ಭರವಸೆ. ನಮ್ಮ ಕಡೆ ದನದ ಸಂತೆಯಲ್ಲಿ ಇಬ್ಬರಿಗೂ ಗೊತ್ತಿರುವ ಹಿರಿಯರ ಕೈಯಲ್ಲಿ ರೊಕ್ಕ ಇಟ್ಟಂತೆ. 2006ರ ಕೊನೆಗೆ ಇಬೇ ಅಲ್ಲಿ ತನ್ನ ಸ್ವಂತ ತಾಣವನ್ನು ಮುಚ್ಚಿ ಸ್ಥಳೀಯ ಪಾಲುದಾರ ಕಂಪನಿಗೆ ವ್ಯವಹಾರ ವಹಿಸಿತು.

ಕೆನ್ಯಾದಲ್ಲಿ 2007ರ ಮಾರ್ಚ್‌ನಲ್ಲಿ ಸಫಾರಿಕಾಂ ಕಂಪನಿ ಎಂ–ಪೆಸಾ ತಂದಿತು. ‘ಪೆಸಾ’ ಎಂದರೆ ಸ್ವಾಹಿಲಿಯಲ್ಲಿ ದುಡ್ಡು, ನಮ್ಮ ‘ಪೈಸೆ’ಯ ನೆಂಟ. ಅಲ್ಲಿ ಬಹಳ ಜನಕ್ಕೆ ಬ್ಯಾಂಕ್ ಖಾತೆ ಇರಲಿಲ್ಲ. ನೈರೋಬಿಯಲ್ಲಿ ದುಡಿಯುವವರು ಊರಿಗೆ ಹಣ ಕಳಿಸಲು ಬಸ್ ಚಾಲಕರ ಕೈಗೆ ಲಕೋಟೆ ಕೊಡುತ್ತಿದ್ದರು. ತಲುಪಿದರೆ ಪುಣ್ಯ. ಎಂ–ಪೆಸಾದಲ್ಲಿ ಹತ್ತಿರದ ಅಂಗಡಿಯವನೇ ಏಜೆಂಟ್. ಅವನಿಗೆ ನಗದು ಕೊಟ್ಟರೆ ಫೋನ್‌ಗೆ ಹಣ, ಊರಿನಲ್ಲಿ ಇನ್ನೊಬ್ಬ ಏಜೆಂಟ್ ಹತ್ತಿರ ಮತ್ತೆ ನಗದು. ಸಾಮಾನ್ಯ ಕೀಪ್ಯಾಡ್ ಫೋನ್ ಸಾಕು. ಏಜೆಂಟ್‌ಗೆ ಕಮಿಷನ್. ಹಳೆಯ ದಾರಿಗಿಂತ ಅಪಾಯ ಕಡಿಮೆ ಎಂಬುದು ಮೊದಲ ಬಾರಿಗೇ ಎಲ್ಲರಿಗೂ ಕಂಡಿತು.

ಅದೇ ಎಂ–ಪೆಸಾ 2010ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು, 2016ರಲ್ಲಿ ಮುಚ್ಚಿತು. ಭಾರತಕ್ಕೆ 2013ರಲ್ಲಿ ವೊಡಾಫೋನ್ ಮೂಲಕ ಬಂತು, 2019ರಲ್ಲಿ ನಿಂತಿತು. ತಂತ್ರಜ್ಞಾನ ಅದೇ, ಹೆಸರು ಅದೇ. ದಕ್ಷಿಣ ಆಫ್ರಿಕಾದಲ್ಲಿ ಬ್ಯಾಂಕ್ ಖಾತೆ ಇದ್ದವರು ಹೆಚ್ಚು. ನಮ್ಮಲ್ಲಿ ಅಷ್ಟರಲ್ಲಿ ಖಾತೆಯಿಂದ ಖಾತೆಗೆ ನೇರ ಹೋಗುವ ಯುಪಿಐ ಬಂದಿತ್ತು. ಒಂದು ದೇಶದ ಗಾಯಕ್ಕೆ ಹಚ್ಚಿದ ಮುಲಾಮು ಗಾಯವೇ ಬೇರೆ ಇರುವ ದೇಶದಲ್ಲಿ ಕೆಲಸ ಮಾಡಲಿಲ್ಲ. ‘ಅಭಿವೃದ್ಧಿಶೀಲ ದೇಶಗಳು’ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ನಮ್ಮ ಪಠ್ಯಪುಸ್ತಕದ ಶೀರ್ಷಿಕೆಗಳನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಒಪ್ಪಿದ್ದನ್ನೂ ಕೈಬಿಡುತ್ತಾರೆ

ಒಮ್ಮೆ ಡಿಜಿಟಲ್ ಆದವರು ಹಿಂದಕ್ಕೆ ಹೋಗುವುದಿಲ್ಲ ಎಂಬ ನಂಬಿಕೆಯೂ ನಮ್ಮ ರಾಜ್ಯದಲ್ಲೇ ಅಲುಗಾಡಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ವರ್ಷಗಳ ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ನಿಯಮ, ಸೇವೆಗಳಿಗೆ ಆ ಮಿತಿ 20 ಲಕ್ಷ. ಹಣ ನಗದಾಗಿ ಬಂದರೂ ಫೋನ್‌ನಲ್ಲಿ ಬಂದರೂ ಕಾನೂನು ಒಂದೇ. ಆದರೆ ಫೋನ್‌ನಲ್ಲಿ ಬಂದದ್ದು ಮಾತ್ರ ಕಣ್ಣಿಗೆ ಕಾಣುತ್ತದೆ. ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ಮಾಯವಾಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿ ಬಂತು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು.

ತೆರಿಗೆ ಕಟ್ಟಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಕಟ್ಟಬೇಕಾದವರು ಕಟ್ಟಲೇಬೇಕು. ನನ್ನ ವಿಷಯಕ್ಕೆ ಬೇಕಾದ ಪಾಠ ಇದು: ನಿನ್ನೆಯವರೆಗೆ ನಷ್ಟವೇ ಇಲ್ಲ ಎಂದು ಒಪ್ಪಿಕೊಂಡಿದ್ದ ಸಾಧನವನ್ನು, ನಷ್ಟ ಇದೆ ಎಂದು ಅನ್ನಿಸಿದ ದಿನವೇ ಅದೇ ಜನ ಕಿತ್ತು ಒಳಗಿಟ್ಟರು. ಅವರಿಗೆ ತಂತ್ರಜ್ಞಾನ ಮರೆತುಹೋಗಿರಲಿಲ್ಲ.

ಆನ್‌ಲೈನ್ ಮಾರಾಟಕ್ಕೂ ಕಾನೂನಿನ ನೆರಳು ಹೀಗೇ ಬೀಳುತ್ತದೆ. ಜಿಎಸ್‌ಟಿ ಬಂದ 2017ರಿಂದ ಬಹಳ ವರ್ಷ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದು ಸೀರೆ ಮಾರಬೇಕೆಂದರೂ ನೋಂದಣಿ ಕಡ್ಡಾಯವಾಗಿತ್ತು. ಅದೇ ಸೀರೆಯನ್ನು ಅಂಗಡಿಯಲ್ಲಿ ಮಾರುವ ಚಿಕ್ಕ ವ್ಯಾಪಾರಿಗೆ ಮಿತಿಯ ರಿಯಾಯಿತಿ ಇತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ವ್ಯಾಪಾರಿಗಳು ತಮ್ಮ ರಾಜ್ಯದೊಳಗೆ ನೋಂದಣಿ ಇಲ್ಲದೆಯೂ ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರಬಹುದು ಎಂದಾಯಿತು. ಒಳ್ಳೆಯ ಹೆಜ್ಜೆ. ಆದರೆ ಇಳಕಲ್ ಸೀರೆಯ ಗಿರಾಕಿಗಳು ಕರ್ನಾಟಕದಷ್ಟೇ ಮಹಾರಾಷ್ಟ್ರದಲ್ಲೂ ಇದ್ದಾರೆ. ಸೊಲ್ಲಾಪುರದವರು ಅಂಗಡಿಗೆ ಬಂದು ಕೊಂಡರೆ ತೊಂದರೆಯಿಲ್ಲ, ಆನ್‌ಲೈನ್ ಮಾರುಕಟ್ಟೆ ಮೂಲಕ ಸೊಲ್ಲಾಪುರಕ್ಕೆ ಕಳಿಸಬೇಕಾದರೆ ನೋಂದಣಿ, ರಿಟರ್ನ್ ಸಲ್ಲಿಕೆ, ಲೆಕ್ಕಪತ್ರ ಎಲ್ಲವೂ ಬೇಕು. ಇಂಟರ್‌ನೆಟ್‌ಗೆ ಗಡಿ ಇಲ್ಲ ಎನ್ನುತ್ತಾರೆ, ಇನ್‌ವಾಯ್ಸ್‌ಗೆ ಇದೆ.

ಮುಟ್ಟದೆ ನಂಬುವುದು ಹೇಗೆ?

ಕೃಷಿ ಮಾರುಕಟ್ಟೆಯ ಉದಾಹರಣೆ ನನಗೆ ಇಲ್ಲಿ ಉಪಯೋಗಕ್ಕೆ ಬಂತು. 2014ರಲ್ಲಿ ಕರ್ನಾಟಕವು ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ಜೋಡಿಸಲು ಆರಂಭಿಸಿತು. 2016ರ ಏಪ್ರಿಲ್‌ನಲ್ಲಿ ರಾಷ್ಟ್ರಮಟ್ಟದ ಇ–ನಾಮ್ ಬಂತು. ಹರಾಜು ಕೂಗುವ ಬದಲು ಕಂಪ್ಯೂಟರ್‌ನಲ್ಲಿ ಬೆಲೆ ನಮೂದಿಸುವುದು ಕಷ್ಟದ ಭಾಗವಲ್ಲ. ದೂರದ ಊರಿನ ವ್ಯಾಪಾರಿ ರಾಶಿಯನ್ನು ಕೈಯಲ್ಲಿ ಹಿಡಿದು, ಮೂಸಿ ನೋಡದೆ ಬೆಲೆ ಹಾಕಬೇಕಾದರೆ ತೇವಾಂಶ ಎಷ್ಟು, ಕಸ ಎಷ್ಟು ಎಂದು ಹೇಳುವ, ಎಲ್ಲರೂ ನಂಬುವ ಪರೀಕ್ಷೆ ಬೇಕು. ಆ ಪರೀಕ್ಷೆ ಚೆನ್ನಾಗಿ ನಡೆಯುವಲ್ಲಿ ಮಾತ್ರ ದೂರದ ವ್ಯಾಪಾರಿಗೆ ಧೈರ್ಯ ಬರುತ್ತದೆ.

ಸೀರೆಗೂ ಹಾಗೆಯೇ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, 2015ರಲ್ಲಿ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಬಂತು. ಮುಟ್ಟಿ ನೋಡುವ ಬೆರಳಿನ ಕೆಲಸವನ್ನು ಈ ಗುರುತುಗಳು ಮಾಡಬೇಕು. ಆದರೆ ಕೊಳ್ಳುವವರಲ್ಲಿ ಎಷ್ಟು ಜನ ಅವನ್ನು ಕೇಳಿ ನೋಡುತ್ತಾರೆ? ಇಂಟರ್‌ನೆಟ್‌ನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕಿ. ನಮ್ಮೂರನ್ನು ನೋಡಿಯೇ ಇಲ್ಲದ ಪವರ್‌ಲೂಮ್ ಬಟ್ಟೆಗಳೂ ಅದೇ ಹೆಸರಿನಲ್ಲಿ, ಅರ್ಧ ಬೆಲೆಗೆ ಸಿಗುತ್ತವೆ. ನಿಜವಾದ ಅಂಗಡಿಗಳು ಹೊರಗೆ ಉಳಿದಷ್ಟೂ ಆ ಜಾಗವನ್ನು ನಕಲು ತುಂಬುತ್ತದೆ. ನಮ್ಮೂರಿಗೆ ಆನ್‌ಲೈನ್ ಎಂಬುದು ಬೇಕಾದರೆ ಮಾಡುವ, ಬೇಡವಾದರೆ ಬಿಡುವ ವಿಷಯವಾಗಿ ಉಳಿದಿಲ್ಲ ಎನ್ನುವುದು ಇದಕ್ಕೇ. ಕಾಕಾ ಒಳಗೆ ಹೋದರೂ ಅಪಾಯ, ಹೊರಗೆ ಉಳಿದರೂ ಅಪಾಯ.

ಒಳಗೆ ಹೋಗುವುದು ಬೇರೆ, ಉಳಿಯುವುದು ಬೇರೆ

ಅಲೆಮಾಯೆಹು ಮೊಲ್ಲಾ ಮತ್ತು ಪಾಲ್ ಲಿಕರ್ ಎಂಬ ಇಬ್ಬರು ಸಂಶೋಧಕರು 2005ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಪಾರ ಸಂಸ್ಥೆಗಳ ಅಧ್ಯಯನ ಪ್ರಕಟಿಸಿದರು. ಅಭಿವೃದ್ಧಿಶೀಲ ದೇಶಗಳ ಇ–ಕಾಮರ್ಸ್ ಬಗ್ಗೆ ಓದುವವರಿಗೆ ಈ ಹೆಸರುಗಳು ಎದುರಾಗುತ್ತಲೇ ಇರುತ್ತವೆ. ಅವರ ಮಾತಿನ ಸಾರ ಇದು. ಒಂದು ಸಂಸ್ಥೆ ಮೊದಲು ಆನ್‌ಲೈನ್‌ಗೆ ಕಾಲಿಡುವುದು ಅದರ ಒಳಗಿನ ಶಕ್ತಿಯಿಂದ, ಅಂದರೆ ಅರಿವು, ಜನ, ಹಣ, ಮಾಲೀಕರ ಮನಸ್ಸಿನಿಂದ. ಆದರೆ ಅದು ಅಲ್ಲಿ ಬೇರೂರಿ ನಿಲ್ಲಬೇಕಾದರೆ ಸುತ್ತಲಿನ ವಾತಾವರಣವೂ ಜತೆಗೂಡಬೇಕು. ಕಾನೂನು, ಸರ್ಕಾರ, ಮಾರುಕಟ್ಟೆ, ಪೂರಕ ಉದ್ಯಮಗಳು ಇಲ್ಲಿ ಬರುತ್ತವೆ.

ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಅಂಗಡಿ ಆನ್‌ಲೈನ್‌ಗೆ ಹೋಗುತ್ತದೆ. ಕೊರಿಯರ್, ತೆರಿಗೆ, ವಾಪಸಾತಿ ನಿಯಮ, ದೂರು ಕೇಳುವ ಕಿವಿ ಇದ್ದರೆ ಮಾತ್ರ ಅಲ್ಲಿ ಉಳಿಯುತ್ತದೆ. ನಮ್ಮ ತರಬೇತಿ ಶಿಬಿರಗಳು ಬಹುತೇಕ ಮೊದಲನೆಯ ಭಾಗಕ್ಕೆ. ಖಾತೆ ತೆರೆಯುವುದು ಹೇಗೆ, ಫೋಟೊ ಹಾಕುವುದು ಹೇಗೆ ಎಂದು ಕಲಿಸಿ, ಪ್ರಮಾಣಪತ್ರ ಕೊಟ್ಟು, ಗ್ರೂಪ್ ಫೋಟೊ ತೆಗೆದು ಮುಗಿಸುತ್ತಾರೆ. ಮೊದಲ ಸೀರೆ ವಾಪಸ್ ಬರುವುದು ಶಿಬಿರ ಮುಗಿದ ಮೇಲೆ.

ಕಾಕಾ ಕೊನೆಗೆ ಹಿಡಿದದ್ದು ನಡುದಾರಿ. ದೊಡ್ಡ ಮಾರುಕಟ್ಟೆಗೆ ಸದ್ಯಕ್ಕೆ ಹೋಗಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸೀರೆಗಳ ಪಟ್ಟಿ ಮಾಡಿದ್ದೇವೆ. ಅಂಗಡಿಗೆ ಒಮ್ಮೆಯಾದರೂ ಬಂದುಹೋದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗಿರಾಕಿಗಳಿಂದ ಶುರು. ಬೇಕೆಂದವರಿಗೆ ವಿಡಿಯೊ ಕಾಲ್‌ನಲ್ಲಿ ಹಗಲು ಬೆಳಕಿಗೆ ಸೀರೆ ಹಿಡಿದು ತೋರಿಸುವುದು. ಹಣ ಮುಂಗಡ. ನಾಲ್ಕು ಸಾಲಿನ ನಿಯಮವನ್ನು ಕನ್ನಡದಲ್ಲಿ ಬರೆದು ಮೊದಲೇ ಕಳಿಸುತ್ತೇವೆ. ನೇಯ್ಗೆಯ ದೋಷವಿದ್ದರೆ ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮದು. ಮನಸ್ಸು ಬದಲಾದರೆ ಏಳು ದಿನದೊಳಗೆ ಬದಲಿ ಸೀರೆ, ಕೊರಿಯರ್ ಖರ್ಚು ನಿಮ್ಮದು. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿ. ಕೈಮಗ್ಗದ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಸಹಜ.

ಇದರಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ. ನಷ್ಟವಾದರೆ ಯಾರದ್ದು ಎಂಬುದನ್ನು ಮೊದಲೇ ಹೇಳಿ, ಇಬ್ಬರ ನಡುವೆ ಹಂಚಿದ್ದೇವೆ ಅಷ್ಟೇ. ವ್ಯಾಪಾರ ಮೆಲ್ಲಗೆ ನಡೆಯುತ್ತಿದೆ. ಹೊರರಾಜ್ಯದ ವಿಚಾರಣೆಗಳು ಬಂದಿವೆ, ತೆರಿಗೆ ಸಲಹೆಗಾರರ ಜತೆ ಕೂತು ನೋಂದಣಿಯ ಲೆಕ್ಕ ಹಾಕುತ್ತಿದ್ದೇವೆ. ‘ಈ ಲೆಕ್ಕ ಕೂಡಿತಂದ್ರ ದೊಡ್ಡದಕ್ಕೂ ಕೈ ಹಾಕೋಣು’ ಎನ್ನುತ್ತಾರೆ ಕಾಕಾ.

ನಮಗೆ ಇಲ್ಲಿ ಕೆಲಸ ಇದೆ

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಈ ಕತೆಯಲ್ಲಿ ಒಂದು ಸಂಗತಿ ಕಾಣಬೇಕು. ಇ–ಬಿಸಿನೆಸ್ ಎಂದ ಕೂಡಲೇ ಕೋಡಿಂಗ್ ಬರಬೇಕು, ಬೆಂಗಳೂರಿಗೆ ಹೋಗಬೇಕು ಎಂದುಕೊಳ್ಳುತ್ತೇವೆ. ಆದರೆ ಸಣ್ಣ ಊರಿನ ವ್ಯಾಪಾರ ಮತ್ತು ದೊಡ್ಡ ಮಾರುಕಟ್ಟೆಯ ನಡುವೆ ಇರುವ ಕಂದಕದಲ್ಲಿ ಎಷ್ಟೊಂದು ಕೆಲಸ ಬಿದ್ದಿದೆ ನೋಡಿ. ಬಣ್ಣ ಸರಿಯಾಗಿ ಬರುವಂತೆ ಫೋಟೊ ತೆಗೆಯುವವರು ಬೇಕು. ಇಂಗ್ಲಿಷ್ ಕರಾರನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುವವರು ಬೇಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು, ವಾಪಸ್ ಬಂದ ಮಾಲಿನ ತಕರಾರನ್ನು ಗಡುವಿನೊಳಗೆ ದಾಖಲಿಸುವವರು, ಹತ್ತು ಅಂಗಡಿಗಳ ಪಾರ್ಸೆಲ್ ಒಟ್ಟುಮಾಡಿ ಕೊರಿಯರ್ ದರ ಇಳಿಸುವವರು ಬೇಕು. ಬಿ.ಕಾಂ, ಬಿ.ಎ, ಡಿಪ್ಲೊಮಾ ಯಾವುದಾದರೂ ನಡೆಯುತ್ತದೆ. ಒಬ್ಬ ಅಂಗಡಿಯವನಿಗೆ ಪೂರ್ಣ ಸಂಬಳ ಕೊಡಲು ಆಗುವುದಿಲ್ಲ, ಹತ್ತು ಅಂಗಡಿ ಸೇರಿದರೆ ಒಬ್ಬರಿಗೆ ಕೆಲಸವಾಗುತ್ತದೆ.

ನಿಮ್ಮೂರು ಚನ್ನಪಟ್ಟಣವಾಗಿರಬಹುದು, ಬ್ಯಾಡಗಿಯಾಗಿರಬಹುದು, ಮೊಳಕಾಲ್ಮೂರಾಗಿರಬಹುದು. ಈ ರಜೆಯಲ್ಲಿ ನಾಲ್ಕು ಅಂಗಡಿಗೆ ಹೋಗಿ. ‘ಯಾಕೆ ಇನ್ನೂ ಆನ್‌ಲೈನ್ ಆಗಿಲ್ಲ?’ ಎಂದು ಕೇಳಬೇಡಿ, ಅದರಲ್ಲಿ ಬೈಗುಳ ಇದೆ. ಯಾವ ಮಾಲು ಮುಟ್ಟದೆ ಮಾರಬಹುದು, ಯಾವುದು ಸಾಧ್ಯವಿಲ್ಲ? ಒಂದು ವಾಪಸ್ ಬಂದರೆ ಎಷ್ಟು ನಷ್ಟ? ಆ ನಷ್ಟವನ್ನು ತಿಂಗಳಿಗೆ ಎಷ್ಟರವರೆಗೆ ತಡೆದುಕೊಳ್ಳಬಹುದು? ತಕರಾರು ಬಂದರೆ ಯಾರ ಹತ್ತಿರ ಹೋಗುತ್ತೀರಿ? ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಅವುಗಳಲ್ಲಿ ಒಂದಕ್ಕಾದರೂ ನೀವು ಪರಿಹಾರ ಕೊಡಬಲ್ಲಿರಾದರೆ ನಿ‌ಮ್ಮ ಮೊದಲ ಗಿರಾಕಿ ನಿಮ್ಮ ಬೀದಿಯಲ್ಲೇ ಇದ್ದಾರೆ.